ಹಿಂದಿನ ಸೀಟಿಗೆ ಹೇಳಿದ ಮಾತು

ಏನಾದರೂ ನಿರ್ಧಾರ ಮಾಡಬೇಕಾಗಿ ಬಂದಾಗಲೆಲ್ಲ ನಾನು ಮಾಳಾ ಸ್ವಚ್ಛ ಮಾಡಲು ಹತ್ತುತ್ತೇನೆ. ಮಾಳಾ ಎಂದರೆ ಬೇರೇನಲ್ಲ, ಬಚ್ಚಲಿನ ನೆತ್ತಿಯ ಮೇಲೆ ಹಳೆಯ ಸಾಮಾನು ತುರುಕಲು ಮಾಡಿಸಿದ ಅಟ್ಟ. ಮುಂಬಯಿಯ ಪ್ರತಿ ಫ್ಲಾಟಿನಲ್ಲೂ ಒಂದಿರುತ್ತದೆ, ಪ್ರತಿ ಫ್ಲಾಟಿನಲ್ಲೂ ಅದು ತುಂಬಿ ತುಳುಕುತ್ತಿರುತ್ತದೆ. ಇವತ್ತು ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಹತ್ತಿ, ಕೆಟ್ಟುಹೋದ ಕೂಲರಿನ ಹಿಂದಿದ್ದ ಒಂದು ಚೀಲ ಎಳೆದೆ. ಚೀಲ ಬರಲಿಲ್ಲ, ಅದರ ಮೇಲಿದ್ದ ಹೆಲ್ಮೆಟ್ ಉರುಳಿ ಬಂದು ನನ್ನ ತಲೆಗೇ ಬಡಿಯಿತು. ತಲೆ ಕಾಯಬೇಕಾದ ವಸ್ತುವೇ ಹೀಗೆ ಮಾಡಿದರೆ ಯಾರಿಗೆ ದೂರು ಹೇಳುವುದು? ಕೆಳಗಿಳಿದು, ನೆತ್ತಿ ತಿಕ್ಕಿಕೊಳ್ಳುತ್ತ ಅದನ್ನು ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ, ರಸ್ತೆಯ ಧೂಳು, ಸ್ವಲ್ಪ ಬೆವರು. ಶೈಲಾಳ ಹೆಲ್ಮೆಟ್.

ಶೈಲಾ ನನ್ನ ಹೆಂಡತಿ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ, ಆದರೆ ಭೋಪಾಲದಲ್ಲಿ. ನಾನು ಸಣ್ಣ ಹುದ್ದೆಯಲ್ಲಿದ್ದೇನೆ, ಸಾಂತಾಕ್ರೂಜಿನಲ್ಲಿ, ಕಟ್ಟಡಗಳ ನಕ್ಷೆ ಬರೆಯುವ ಒಂದು ಆಫೀಸಿನಲ್ಲಿ. ಮನೆ ಬೊರಿವಲಿ. ಮೊನ್ನೆ ಶುಕ್ರವಾರ ಆಕೆ ಫೋನ್ ಮಾಡಿ, "ಇಲ್ಲೇ ಇನ್ನೂ ಒಂದೆರಡು ವರ್ಷ ಇರ್ತೀರೇನು ಅಂತ ಕೇಳ್ಯಾರ್ರೀ. ಒಲ್ಲೆ ಅಂದ್ರ ಮುಂಬಯಿಗೆ ಹಾಕ್ತಾರಂತ. ಸೋಮವಾರ ಹೇಳಬೇಕು. ನೀವೇನಂತೀರಿ?" ಎಂದಳು. "ವಿಚಾರ ಮಾಡಿ ಹೇಳ್ತೀನಿ" ಎಂದೆ. ಇವತ್ತು ಭಾನುವಾರ. ಮಾಳಾ ಯಾಕೆ ಹತ್ತಿದೆ ಎಂಬುದು ಈಗ ನಿಮಗೆ ಗೊತ್ತಾಗಿರಬೇಕು.

ನಾನು ಏನನ್ನಬೇಕು? ನಿಮ್ಮನ್ನೇ ಕೇಳುತ್ತಿದ್ದೇನೆ. ಬಾ ಎಂದರೆ, ಅಲ್ಲಿ ನಾಲ್ಕು ಮಂದಿಗೆ ಹೇಳಿ ಕೆಲಸ ಮಾಡಿಸುವ ಹೆಂಗಸನ್ನು ಕೈಹಿಡಿದು ಎಳೆದು ತಂದ ಹಾಗಾಗುತ್ತದೆ. ಇರು ಎಂದರೆ, ಇವನಿಗೆ ನಾನಿಲ್ಲದೆ ರೂಢಿಯಾಗಿಬಿಟ್ಟಿದೆ ಎಂದುಕೊಳ್ಳುತ್ತಾಳೆ. ರೂಢಿಯಾಗಿದೆಯೇ? ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಮಾತ್ರ ರೂಢಿಯಾಗಿದೆ.

ಹಿಂದೆಯೂ ಒಮ್ಮೆ ಹೀಗೇ ಆಗಿತ್ತು. ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ, ಭೋಪಾಲದ ಬಡ್ತಿಯ ಮಾತು ಮೊದಲ ಸಲ ಬಂದಾಗ. ಆಗಲೂ ಆಕೆ "ನೀವೇನಂತೀರಿ?" ಎಂದಿದ್ದಳು, ಆಗಲೂ ನಾನು ವಿಚಾರ ಮಾಡುತ್ತೇನೆಂದಿದ್ದೆ. ವಿಚಾರ ಮಾಡುತ್ತ ಮಾಡುತ್ತ ಮಾಳಾ ಎಷ್ಟು ಸ್ವಚ್ಛವಾಯಿತೆಂದರೆ ತೆಗೆಯಲು ಏನೂ ಉಳಿಯಲಿಲ್ಲ. ಕೊನೆಗೆ ಶೈಲಾ ಅಡುಗೆಮನೆಯಿಂದ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು: "ಎಲ್ಲಿಗರೆ ಹೋಗೂಣು ನಡೀರಿ. ಒಂದು ವಾರ. ಇಬ್ಬರೇ. ವಾಪಸ್ ಬರೂದ್ರೊಳಗ ಹೂಂ ಅನ್ನೂದೋ ಊಹೂಂ ಅನ್ನೂದೋ ಇಬ್ಬರೂ ಕೂಡೇ ಠರಾಯಿಸೂಣು."

"ಯಾವ ಟ್ರೇನು?" ಎಂದೆ.

"ಟ್ರೇನಿನ್ಯಾಗ ಕೂತ್ರ ನೀವು ನಿದ್ದಿ ಹೊಡೀತೀರಿ. ಕಾರಿನ್ಯಾಗ ಕೂತ್ರ ಹಾಡು ಹಚ್ಚತೀರಿ. ಬೈಕಿನ ಮ್ಯಾಲೆ ಹೋಗೂಣು. ಎರಡೂ ಆಗೂದಿಲ್ಲ, ಮಾತಾಡಲೇಬೇಕಾಗ್ತದ."

ನನ್ನ ಬೈಕು ಬೊರಿವಲಿ ಸ್ಟೇಷನ್ನಿನ ತನಕ ಹೋಗಿ, ದಿನವೆಲ್ಲ ಅಲ್ಲಿ ನಿಂತು, ಸಂಜೆ ಮನೆಗೆ ಬರುವ ಬೈಕು. ಅದರ ಆಯುಷ್ಯದಲ್ಲಿ ಊರ ಹೊರಗಿನ ಗಾಳಿ ಕುಡಿದದ್ದೇ ಇಲ್ಲ. ನನ್ನದೂ ಸುಮಾರಾಗಿ ಅದೇ ಸ್ಥಿತಿ. ಮಗಳು ನಂದಿತಾ ಆಗ ನಮ್ಮ ಜೊತೆಗೇ ಇದ್ದಳು. ಆಕೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಆಕೆಯ ಕನ್ನಡ ಆಕೆಯದೇ. "ಅಪ್ಪಾ, ಪ್ಲಾನ್ ಕಿಧರ್ ಹೈ? ಹೋಟೆಲ್ ಬುಕ್ ಮಾಡಿಲ್ಲಾ? ನೀವು ಎರಡೂ ಜನ ಪೂರಾ ಪಾಗಲ್ ಇದ್ದೀರಿ" ಎಂದಳು. ನಾವು ನಕ್ಕೆವು. ಹುಚ್ಚರೆನಿಸಿಕೊಂಡದ್ದಕ್ಕೆ ಇಬ್ಬರಿಗೂ ಒಳಗೊಳಗೇ ಖುಷಿಯಾಗಿತ್ತು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದೆ ಆದದ್ದು ನಂಬುವ ಹಾಗಿಲ್ಲ. ಮದುವೆಯಾದಾಗಿನಿಂದ ನಾನೂ ಶೈಲಾಳೂ ದಿನಾ ಬೆಳಿಗ್ಗೆ ಕೂಡಿಯೇ ಮನೆ ಬಿಡುತ್ತಿದ್ದೆವು, ಕೂಡಿಯೇ ಸ್ಟೇಷನ್ನಿಗೆ ಹೋಗುತ್ತಿದ್ದೆವು, ಒಂದೇ ಲೋಕಲ್ ಹತ್ತುತ್ತಿದ್ದೆವು. ಆದರೆ ಆಕೆ ಲೇಡೀಸ್ ಡಬ್ಬಿ, ನಾನು ಗಂಡಸರ ಡಬ್ಬಿ. ಸೇತುವೆ ಇಳಿದ ಕೂಡಲೇ ಆಕೆ ಎಡಕ್ಕೆ, ನಾನು ಬಲಕ್ಕೆ. ಚೆಂಬೂರಿನಲ್ಲಿರುವ ಆಕೆಯ ಮೌಶಿಯ, ಅಂದರೆ ಚಿಕ್ಕಮ್ಮನ, ಮನೆಗೆ ಸೀರೆ ಉಟ್ಟು, ಪೇಢೆ ತಗೊಂಡು ಹೋಗುವಾಗಲೂ ಹಾಗೆಯೇ. ಆ ನೂಕುನುಗ್ಗಲಿನಲ್ಲಿ ಹೆಂಗಸರಿಗೆ ಅದೇ ಅನುಕೂಲ, ಯಾರೂ ಅದನ್ನೊಂದು ಅಗಲಿಕೆ ಎಂದುಕೊಳ್ಳುವುದಿಲ್ಲ. ಒಂದೇ ಗಾಡಿಯಲ್ಲಿ ಬೇರೆ ಬೇರೆಯಾಗಿ ಪ್ರಯಾಣ ಮಾಡಿದ ದಂಪತಿಗಳು ಈ ಊರಲ್ಲಿ ಲಕ್ಷಗಟ್ಟಲೆ ಇದ್ದಾರೆ.

ಹೀಗೆ ಹೋಗುವವರಿಗೆ ಒಂದು ಕಟ್ಟಳೆ ಬೇಕಾಗುತ್ತದೆ. ನಮ್ಮದು ಹೀಗಿತ್ತು: ಒಬ್ಬರು ಗಾಡಿ ಹತ್ತಿ ಇನ್ನೊಬ್ಬರು ಪ್ಲಾಟ್‌ಫಾರ್ಮಿನಲ್ಲೇ ಉಳಿದರೆ, ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಿಲ್ಲಬೇಕು. ಉಳಿದವರು ಹಿಂದೆ ಬರುವ ಗಾಡಿ ಹಿಡಿದು ಅಲ್ಲಿಗೆ ಬರಬೇಕು. ಯಾರೂ ತಿರುಗಿ ಹೋಗಬಾರದು. ತಿರುಗಿದರೆ ಇಬ್ಬರೂ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡುತ್ತಲೇ ಇರಬೇಕಾಗುತ್ತದೆ. ಮೊಬೈಲ್ ಬರುವ ಮೊದಲು ಮಾಡಿಕೊಂಡದ್ದು, ಬಂದ ಮೇಲೂ ಬಿಡಲಿಲ್ಲ.

ಹೊರಟ ದಿನದ ಗೊಂದಲ ಹೈವೇಯ ಬಾಯಲ್ಲೇ ಶುರುವಾಯಿತು. ಎಡಕ್ಕೆ ಹೋದರೆ ದಹಿಸರ, ಬಲಕ್ಕೆ ಹೋದರೆ ವಾಪಸು ಮುಂಬಯಿ. ಸಿಗ್ನಲ್ಲಿನಲ್ಲಿ ನಿಂತು, "ಎತ್ಲಾಗ?" ಎಂದು ಕೇಳಿದೆ. ಹಿಂದಿನಿಂದ "ನೀವು ಠರಾಯಿಸೀರಿ ಅಂತ ಮಾಡಿದ್ದೆ" ಎಂಬ ಉತ್ತರ ಬಂತು. ಅಷ್ಟರಲ್ಲಿ ಹಸಿರು ದೀಪ ಬಿತ್ತು, ಹಿಂದಿನವರು ಹಾರ್ನ್ ಹೊಡೆದರು, ಬಲಗಡೆ ಒಂದು ಟ್ಯಾಂಕರ್ ಅಡ್ಡ ನಿಂತಿತ್ತು. ಎಡಕ್ಕೆ ಹೋದೆವು. ಘೋಡಬಂದರ್ ರಸ್ತೆ, ಠಾಣೆ, ಆಮೇಲೆ ನಾಸಿಕದ ಹೆದ್ದಾರಿ. ನಾಸಿಕಕ್ಕೆ ಹೋಗಬೇಕೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ. ಆ ಟ್ಯಾಂಕರಿನವನು ಅಂದುಕೊಂಡಿದ್ದನೇನೋ.

ಮಾತಾಡಲೆಂದು ಬೈಕಿನಲ್ಲಿ ಹೊರಟವರಿಗೆ ಮೊದಲ ದಿನವೇ ತಿಳಿದದ್ದೇನೆಂದರೆ, ಬೈಕಿನಲ್ಲಿ ಮಾತಾಡಲು ಬರುವುದಿಲ್ಲ. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತದೆ, ಉಳಿದರ್ಧ ಹೆಲ್ಮೆಟಿನೊಳಗೇ ತಿರುಗುತ್ತಿರುತ್ತದೆ. ಕಸಾರಾ ಘಾಟಿನಲ್ಲಿ ಆಕೆ ಏನೋ ಅಂದಳು. ಭೋಪಾಲ ಬೇಡ ಎನ್ನುತ್ತಿದ್ದಾಳೆಂದುಕೊಂಡು ನನ್ನ ಎದೆ ಹಗುರಾಯಿತು. ನಿಲ್ಲಿಸಿ ಕೇಳಿದರೆ, ಬೆನ್ನಿಗೆ ಹತ್ತಿದ ನನ್ನ ಶರ್ಟು ಸರಿಮಾಡಿಕೊಳ್ಳಲು ಹೇಳಿದ್ದಳಂತೆ. ಮತ್ತೆ ಒಮ್ಮೆ ನಾನು ಗಂಟಲು ಸರಿಮಾಡಿಕೊಂಡು, "ಭೋಪಾಲ..." ಎಂದು ಶುರುಮಾಡಿದೆ. ಆಕೆ ನನ್ನ ಭುಜ ತಟ್ಟಿ, "ಹೌದ್ರೀ, ನನಗೂ ಹಸಿವಿ ಆಗೇದ" ಎಂದಳು. ಸರಿ, ವಡಾಪಾವ್ ತಿಂದೆವು.

ಇನ್ನು ನಿಂತಾಗಲಾದರೂ ಮಾತಾಡಬಹುದಿತ್ತಲ್ಲ ಎನ್ನುತ್ತೀರಿ. ನಿಂತಾಗ ಮುಖ ಕಾಣುತ್ತದೆ. ಮುಖ ಕಂಡರೆ ನನಗೆ ಮಾತು ಬರುವುದಿಲ್ಲ. ಶೈಲಾ ಟೀ ಅಂಗಡಿಯ ಬೆಂಚಿನಲ್ಲಿ ಕುಳಿತು ಕಪ್ಪಿನಿಂದ ಬಸಿಗೆ ಹುಯ್ದುಕೊಂಡು ಕುಡಿಯುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಟೈರಿನ ಗಾಳಿ ನೋಡುತ್ತಿದ್ದೆ. ಅಂಗಡಿಯವರಿಗೋ ನಮ್ಮ ಮೇಲೆ ಬೇರೆಯೇ ಕುತೂಹಲ. ನಮ್ಮ ವಯಸ್ಸಿನ ಗಂಡ ಹೆಂಡತಿ ಆ ರಸ್ತೆಯಲ್ಲಿ ಕಂಡರೆ ಶಿರಡಿಗೆ ಹೊರಟವರೆಂದೇ ಲೆಕ್ಕ. "ದರ್ಶನಕ್ಕೋ?" ಎಂದು ಕೇಳುವರು. ಅಲ್ಲ ಎಂದರೆ, ಹಾಗಾದರೆ ಎಲ್ಲಿಗೆ? "ಐಸೇ ಹೀ", ಸುಮ್ಮನೆ ಹೀಗೇ, ಎಂದು ಶೈಲಾ ಹೇಳಿದರೆ ಅವರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಏನಾಯಿತೋ ಪಾಪ ಎಂಬಂತೆ ಇನ್ನೆರಡು ಬಿಸ್ಕೀಟು ಕೊಡುವರು. ಕೊನೆಕೊನೆಗೆ ನಾವೇ ಶಿರಡಿ ಎನ್ನಲು ಕಲಿತೆವು. ಒಂದು ದಿನ ಹಾಗೆನ್ನುತ್ತ ಎನ್ನುತ್ತ ಶಿರಡಿಗೂ ಹೋಗಿಬಂದೆವು, ಸುಳ್ಳು ಹೇಳಿದ ಹಾಗಾಗಬಾರದೆಂದು.

ಹೀಗೆ ಮಾಲೇಗಾಂವ ಕಡೆ ಹೋಗಿ, ಅಲ್ಲಿಂದ ಯಾಕೋ ತಿರುಗಿ, ಯೇವಲೆ ದಾಟಿ, ದಿನಗಳು ಮುಗಿಯುತ್ತ ಬಂದವು. ಹೊಲಗಳಲ್ಲೆಲ್ಲ ಈರುಳ್ಳಿಯ ವಾಸನೆ. ಸಂಜೆಯಾದರೆ ಸಿಕ್ಕ ಊರಿನ ಸಿಕ್ಕ ಲಾಡ್ಜಿನಲ್ಲಿ ಇಳಿದು, ಬೆನ್ನುನೋವಿಗೆ ಒಬ್ಬರಿಗೊಬ್ಬರು ಮುಲಾಮು ಹಚ್ಚಿ ಮಲಗುತ್ತಿದ್ದೆವು. ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟು ಹೊತ್ತು ಆಕೆಯ ಕೈ ನನ್ನ ಹೆಗಲ ಮೇಲೆ ಇದ್ದದ್ದು ನಮ್ಮ ಸಂಸಾರದಲ್ಲೇ ಇಲ್ಲ. ಆ ಸುಖದಿಂದಲೇ ಗೊಂದಲ ಇನ್ನೂ ಹೆಚ್ಚಾಯಿತು. ಈ ಕೈ ಹೆಗಲಿಂದ ತೆಗೆದು ಭೋಪಾಲಕ್ಕೆ ಕಳಿಸುವುದೇ? ಅಥವಾ ಇದೇ ಕೈ ಒಂದು ದೊಡ್ಡ ಕೆಲಸಕ್ಕೆ ಸಹಿ ಹಾಕುವುದನ್ನು ನಾನು ಅಡ್ಡ ನಿಂತು ತಡೆಯುವುದೇ?

ಕೊನೆಯ ದಿನ ಸಂಗಮನೇರ ದಾಟಿ ಪುಣೆಯ ಹೆದ್ದಾರಿಯಲ್ಲಿ ಬರುತ್ತಿದ್ದೆವು. ಆಳೇಫಾಟಾದಲ್ಲಿ ಬಲಕ್ಕೆ ತಿರುಗಿ, ಮಾಳಶೇಜ ಘಾಟು ಇಳಿದು ಕಲ್ಯಾಣದ ಮೇಲೆ ಮನೆ ಸೇರುವುದೆಂದು ಆವತ್ತು ಮಾತ್ರ, ಅದೃಷ್ಟಕ್ಕೆ, ಮೊದಲೇ ಮಾತಾಡಿಕೊಂಡಿದ್ದೆವು. ಮಧ್ಯಾಹ್ನದ ಊಟದ ಮೇಲೆ ಒಂದು ಪೆಟ್ರೋಲ್ ಪಂಪಿಗೆ ತಿರುಗಿಸಿದೆ. ಎಲ್ಲ ಹೆಂಗಸರಂತೆ ಶೈಲಾಳೂ ಪಂಪಿನ ಬಾಗಿಲಲ್ಲೇ ಇಳಿದು, ಹೆಲ್ಮೆಟ್ ತೆಗೆದು ತೋಳಿಗೆ ಸಿಕ್ಕಿಸಿಕೊಂಡು, ಕೈಕಾಲು ಮುಖ ತೊಳೆಯಲು ಹೋದಳು. ಇಬ್ಬರ ಮೊಬೈಲೂ ಆಕೆಯ ಹೆಗಲ ಚೀಲದಲ್ಲಿದ್ದವು. ನಾನು ಪೆಟ್ರೋಲ್ ಹಾಕಿಸಿಕೊಂಡೆ. ಮುಚ್ಚಳ ತಿರುವಿದೆ. ಬೈಕು ಶುರುಮಾಡಿದೆ. ಹೊರಟೆ.

ಹೇಗೆ ಸಾಧ್ಯ ಎಂದು ಕೇಳಬೇಡಿ. ನನ್ನ ಡಬ್ಬಿಗೆ ನಾನು ಹತ್ತಿದ್ದೆ, ಆಕೆಯ ಡಬ್ಬಿಗೆ ಆಕೆ ಹತ್ತಿರುತ್ತಾಳೆ. ಅಷ್ಟು ವರ್ಷ ಒಂದು ದಿನವೂ ತಿರುಗಿ ನೋಡಿದವನಲ್ಲ, ಒಂದು ದಿನವೂ ಆಕೆ ಹತ್ತದೆ ಉಳಿದವಳಲ್ಲ. ಸೀಟಿನ ಹಿಂದೆ ಕಟ್ಟಿದ್ದ ಬ್ಯಾಗಿನ ಭಾರ ಬೈಕನ್ನು ಹಿಂದಕ್ಕೆ ಜಗ್ಗುತ್ತಿತ್ತು, ಅದನ್ನೇ ಆಕೆ ಎಂದುಕೊಂಡೆನೋ ಏನೋ. ಮನಸ್ಸಿನಲ್ಲಿ ಇದ್ದದ್ದು ಒಂದೇ: ಇವತ್ತು ಕೊನೆಯ ದಿನ, ಈಗ ಹೇಳದಿದ್ದರೆ ಮತ್ತೆ ಹೇಳಲಾಗುವುದಿಲ್ಲ.

ಗಾಳಿ ಕಡಿಮೆಯಿತ್ತು. ನಾನು ಬಾಯಿಬಿಟ್ಟೆ.

"ಶೈಲಾ, ನೀ ಹೋಗಬ್ಯಾಡ," ಎಂದೆ. "ಒಬ್ಬನ ಕೈಲೆ ಆಗೂದಿಲ್ಲ. ಅನ್ನ ಸಾರು ಮಾಡಿಕೊಳ್ಳೂದು ದೊಡ್ಡದಲ್ಲ. ಸಂಜೀಕ ಬಾಗಿಲಾ ತಗದ್ರ ಒಳಗ ಯಾರೂ ಇಲ್ಲ ಅಂತ ಗೊತ್ತಿದ್ದೂ ಬಾಗಿಲಾ ತಗೀಬೇಕಲ್ಲ, ಅದು ಆಗೂದಿಲ್ಲ."

ಹಿಂದೆ ಸುಮ್ಮನಿತ್ತು. ಸಿಟ್ಟು ಬಂದಿದೆ ಎಂದುಕೊಂಡೆ. ಬರಬೇಕಾದದ್ದೇ, ಆಕೆಗಿಂತ ಕಿರಿಯರೆಲ್ಲ ಮೇಲೆ ಹೋಗಿದ್ದರು, ಮಗಳು ಸಣ್ಣವಳೆಂದು, ನನ್ನ ತಾಯಿಗೆ ಹುಷಾರಿಲ್ಲವೆಂದು ಆಕೆ ಎಷ್ಟೋ ಸಲ ಬಡ್ತಿ ಒಲ್ಲೆ ಎಂದು ಬರೆದುಕೊಟ್ಟಿದ್ದಳು. ನನಗೆ ನಾಚಿಕೆಯಾಯಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಶುರುಮಾಡಿದೆ.

"ಇಲ್ಲ, ನೀ ಹೋಗು. ನಾ ಅಂದದ್ದು ಮನಸಿಗೆ ಹಚ್ಚಿಕೋಬ್ಯಾಡ. ನೀ ಆ ಖುರ್ಚಿ ಮ್ಯಾಲೆ ಕೂತದ್ದು ನಾ ನೋಡಬೇಕು. ಮಂದಿಗೆಲ್ಲಾ ಹೇಳಿಕೋತ ಅಡ್ಡಾಡತೀನಿ."

ಮತ್ತೆ ಸುಮ್ಮನೆ. ಈ ಸಲ ಅಳುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ನನ್ನ ಕಣ್ಣೂ ತುಂಬಿ ಬಂತು. ಎಂಥ ಗಂಡನಪ್ಪಾ ನಾನು ಎಂದು ನನ್ನ ಮೇಲೆ ನನಗೇ ಅಭಿಮಾನ ಉಕ್ಕಿತು. ಎಡಗೈ ಹಿಂದಕ್ಕೆ ಚಾಚಿ ಆಕೆಯ ಮೊಣಕಾಲು ತಟ್ಟಲು ಹೋದೆ. ಕೈಗೆ ಖಾಲಿ ಸೀಟು ಸಿಕ್ಕಿತು. ಇನ್ನಷ್ಟು ಚಾಚಿದೆ, ಬ್ಯಾಗಿನೊಳಗಿನ ಅವಲಕ್ಕಿ ಚೂಡಾದ ಪೊಟ್ಟಣ ಕರಕರ ಎಂದಿತು.

ಆಗಿನ ನನ್ನ ಸ್ಥಿತಿಯನ್ನು ಹೇಗೆ ಹೇಳಲಿ? ಬಿದ್ದಳೆಂದೇ ತಿಳಿದೆ. ಬೈಕು ಬದಿಗೆ ನಿಲ್ಲಿಸಿ ಹಿಂದೆ ಓಡಿದೆ, ರಸ್ತೆಯಲ್ಲಿ ಏನೂ ಇಲ್ಲ, ಮತ್ತೆ ಮುಂದೆ ಓಡಿಬಂದೆ. ಪಂಪಿನಲ್ಲಿ ಆಕೆ ಇಳಿದದ್ದು ಆಮೇಲೆ ನೆನಪಾಯಿತು. ಹತ್ತಿದ್ದು ನೆನಪಾಗಲಿಲ್ಲ. ಫೋನ್ ಮಾಡೋಣವೆಂದರೆ ಫೋನೂ ಆಕೆಯ ಹತ್ತಿರ. ನಡುವೆ ಡಿವೈಡರ್ ಇದ್ದ ರಸ್ತೆ, ತಿರುಗಲು ಜಾಗ ಸಿಗುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ತಿರುಗಿ ಬರುವಾಗ ಆಚೆ ಬದಿಯಿಂದ ಒಂದು ಕೆಂಪು ಎಸ್‌ಟಿ ಬಸ್ಸು ಹೋದದ್ದು ನೋಡಿದೆ. ಅದರಲ್ಲಿ ಯಾರಿದ್ದಾರೆಂದು ನೋಡಲಿಲ್ಲ.

ಪಂಪಿನವನು ನನ್ನನ್ನು ಕಂಡದ್ದೇ ನಗಲು ಹತ್ತಿದ. ನಿಮ್ಮ ಮನೆಯವರು ಎಸ್‌ಟಿ ಹತ್ತಿ ಹೋದರು ಎಂದು ಮರಾಠಿಯಲ್ಲಿ ಹೇಳಿದ. ಗಾಬರಿಯಾಗಿದ್ದರೇ ಎಂದರೆ, ಇಲ್ಲವಂತೆ. "ನಮ್ಮವರು ಮುಂದಿನ ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ" ಎಂದು ಹೇಳಿ, ಹೆಲ್ಮೆಟ್ ಹಿಡಿದುಕೊಂಡೇ ಬಸ್ಸು ಹತ್ತಿದಳಂತೆ. ಕಟ್ಟಳೆ! ನಾನು ಮುಂದೆ ಹೋಗಿ ನಿಲ್ಲಬೇಕಿತ್ತು, ಆಕೆ ಹಿಂದಿನ ಗಾಡಿಗೆ ಬರಬೇಕಿತ್ತು. ಆಕೆ ಬಂದಿದ್ದಳು. ನಿಲ್ಲದೆ ತಿರುಗಿದವನು ನಾನು.

ಆಳೇಫಾಟಾದ ಬಸ್ ಸ್ಟ್ಯಾಂಡಿನಲ್ಲಿ ಶೈಲಾ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು. ಬಸ್ಸಿಗೆ ಕಾಯುವ ಹೆಂಗಸಿನ ತೊಡೆಯ ಮೇಲೆ ಹೆಲ್ಮೆಟ್ ಯಾಕೆಂದು ಅಕ್ಕಪಕ್ಕದವರು ನೋಡುತ್ತಿದ್ದರು. ನನ್ನನ್ನು ನೋಡಿ ಆಕೆ ಎದ್ದು ನಿಂತಳು, ಮತ್ತೆ ಕುಳಿತಳು.

"ಎಲ್ಲಿ ಹೋಗಿದ್ರಿ?"

"ವಾಪಸ್. ನಿನ್ನ ಹುಡುಕಲಿಕ್ಕೆ."

"ವಾಪಸ್ ಹೋಗಬಾರ್ದಂತ ಅಲ್ಲೇನ್ರೀ ನಮ್ಮದು?"

"ನೀ ಬಿದ್ದೀ ಅಂತ ತಿಳಿದಿದ್ದೆ. ರೂಲ್ ಗೀಲ್ ಏನೂ ನೆನಪಿಗೆ ಬರಲಿಲ್ಲ."

 "ಅಷ್ಟು ದೂರ ಹೋಗೂತನಕ ಗೊತ್ತಾಗಲಿಲ್ಲೇನು?" ಎಂದಳು. ಆಗ ನಾನು ಎಲ್ಲ ಹೇಳಿಬಿಟ್ಟೆ. ಮಾತಾಡುತ್ತಿದ್ದೆನೆಂದೂ, ಮೊದಲು ಹೋಗಬೇಡವೆಂದೂ, ಆಮೇಲೆ ಹೋಗೆಂದೂ ಹೇಳಿದೆನೆಂದೂ, ಆಕೆ ಅಳುತ್ತಿದ್ದಾಳೆಂದು ತಿಳಿದೆನೆಂದೂ. ಶೈಲಾ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

"ಎರಡರಾಗ ಯಾವ್ದು ಖರೇ?"

"ಎರಡೂ ಖರೇ. ಅದಕ್ಕ ತಲಿ ಕೆಟ್ಟದ."

"ನನಗೂ ಹಂಗ ಆತ್ರೀ," ಎಂದಳು. "ಬಸ್ಸಿನ್ಯಾಗ ಖಿಡಕಿ ಸೀಟು ಸಿಕ್ಕಿತು. ಒಬ್ಬಾಕೀನೇ ಹೊಂಟೀನಿ, ಯಾರದೂ ಚಿಂತಿ ಇಲ್ಲ ಅಂತ ಭಾಳ ಛಲೋ ಅನಿಸ್ತು. ಇಲ್ಲೆ ಇಳದು ನೋಡಿದ್ರ ನೀವಿಲ್ಲ. ಎದಿ ಝಲ್ಲಂತು." ಮೂಗು ಒರೆಸಿಕೊಂಡು, ಹೆಲ್ಮೆಟಿನ ಪಟ್ಟಿ ಎಳೆದು ಬಿಟ್ಟು, ಮತ್ತೆ ಎಳೆದು, "ನಾ ಹೋಗ್ತೀನ್ರೀ ಭೋಪಾಲಕ್ಕ" ಎಂದಳು.

"ಹೂಂ" ಎಂದೆ. ಸಂತೋಷವೂ ಆಯಿತು, ಸಂಕಟವೂ ಆಯಿತು. ಘಾಟಿ ಇಳಿಯುವಾಗ ಆಕೆ ಎರಡೂ ಕೈಯಿಂದ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ಎರಡು ಸಲ ಮುಟ್ಟಿ ನೋಡಿದೆ.

ಆಕೆ ಹೋದಳು. ಒಳ್ಳೆಯದೇ ಆಯಿತು, ಆಕೆಯ ದನಿಯೇ ಬದಲಾಗಿದೆ, ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ ಹುಕುಮು ಕೊಡುವುದು ಕೇಳಿದರೆ ನನಗೂ ಎದ್ದು ನಿಲ್ಲಬೇಕೆನಿಸುತ್ತದೆ. ನಾನು ಉಳಿದೆ. ಕಟ್ಟಳೆಯಂತೆ ಉಳಿದವನು ಹಿಂದಿನ ಗಾಡಿ ಹಿಡಿದು ಹೋಗಬೇಕಿತ್ತು. ನನ್ನ ನೌಕರಿ, ಮಗಳ ಲಗ್ನ, ಈ ಫ್ಲಾಟು ಎನ್ನುತ್ತ ಹೋಗಲಾಗಲಿಲ್ಲ. ಆವತ್ತು ಆಕೆ ನಿಜವಾಗಿಯೂ ಹಿಂದಿನ ಸೀಟಿನಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲನೆಯ ಮಾತು ಕೇಳಿ ಆಕೆ ನಿಂತುಬಿಡುತ್ತಿದ್ದಳೇ? ಅಥವಾ ಆಕೆ ಇದ್ದಾಳೆಂದು ಖಾತ್ರಿಯಿದ್ದರೆ ನನ್ನ ಬಾಯಿಯೇ ತೆರೆಯುತ್ತಿರಲಿಲ್ಲವೇ? ಒಂದೊಂದು ದಿನ ಒಂದೊಂದು ಉತ್ತರ ಹೊಳೆಯುತ್ತದೆ.

ಇವತ್ತು ಮಧ್ಯಾಹ್ನ ನಂದಿತಾ ಠಾಣೆಯ ತನ್ನ ಮನೆಯಿಂದ ಫೋನ್ ಮಾಡಿದಳು. ಅಮ್ಮ ಆಕೆಗೂ ಹೇಳಿರಬೇಕು. "ಅಪ್ಪಾ, ಇಷ್ಟು ಕ್ಯಾ ಸೋಚ್ನಾ? ಅಮ್ಮನಿಗೆ ನಿಮ್ಮ ಪರ್ಮಿಷನ್ ಬೇಡ. ಅವಳಿಗೆ ನಿಮ್ಮ ಮನಸ್ಸು ಕೇಳುದು ಇದೆ, ಬಸ್" ಎಂದಳು. ಆಕೆಯ ಕನ್ನಡಕ್ಕೆ ನಗುವ ನಾನು ಈ ಸಲ ನಗಲಿಲ್ಲ. ಮಾಳಾದಿಂದ ತೆಗೆದದ್ದೆಲ್ಲ ಹಾಲಿನಲ್ಲೇ ಹರಡಿತ್ತು. ಅದನ್ನು ದಾಟಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತು ಭೋಪಾಲಕ್ಕೆ ಫೋನ್ ಹಚ್ಚಿದೆ.

"ಶೈಲಾ, ನಾನು ಹೇಳೂದು ನಿನಗ ಹೊಂದತದೋ ಇಲ್ಲೋ ಗೊತ್ತಿಲ್ಲ," ಎಂದೆ. "ನಿನ್ನ ಕೆಲಸಾ ನೀ ನೋಡಿಕೋ. ನಾಳೆ ಏನು ಹೇಳಬೇಕಂತೀಯೋ ಅದನ್ನ ಹೇಳು. ನೀ ಕೇಳಿದಿ ಅಂತ ಹೇಳ್ತೀನಿ. ನನಗ ನೀ ಬೇಕು. ಬಾ."

ಅಲ್ಲೇ ಇರು ಎಂಬ ಇನ್ನೊಂದು ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ, ನುಂಗಿಕೊಂಡೆ. ಆ ಕಡೆ ಸದ್ದಿಲ್ಲ. ಹಾರ್ನಿಲ್ಲ, ಟಿವಿಯಿಲ್ಲ, ಉಸಿರೂ ಕೇಳಿಸಲಿಲ್ಲ.

"ಶೈಲಾ? ಅದೀಯೇನ?"

"ಅದೀನ್ರೀ," ಎಂದಳು. "ಇನ್ನೊಮ್ಮೆ ಹೇಳ್ರಿ."

ಹೇಳಿದೆ.